ಗಾಳಿಗೆ ಲೈಸೆನ್ಸ್ ಕೊಡೋರು ಯಾರು?

ಕನ್ನಡ ಪೇಪರ್‌ಗಳಲ್ಲಿ ಆಗಾಗ ಬರೋ ಒಂದು ಸುದ್ದಿ ಇದೆ. 'ತೊಗರಿ ಹೊಲದ ನಡುವೆ ಗಾಂಜಾ ಬೆಳೆ ಪತ್ತೆ, ಒಬ್ಬನ ಬಂಧನ.' ಜೊತೆಗೆ ಒಂದು ಫೋಟೋ. ಕಿತ್ತು ಹಾಕಿದ ಹಸಿರು ಗಿಡಗಳ ರಾಶಿ, ಅದರ ಹಿಂದೆ ಸಾಲಾಗಿ ನಿಂತ ಪೊಲೀಸರು. ಹೊಲ ಬದಲಾಗುತ್ತೆ, ತಾಲ್ಲೂಕು ಬದಲಾಗುತ್ತೆ, ಫೋಟೋ ಮಾತ್ರ ಅದೇ. ಎಷ್ಟು ಕೆಜಿ ಅಂತ ಬರೀತಾರೆ, ಎಷ್ಟು ರೂಪಾಯಿ ಮೌಲ್ಯ ಅಂತ ಬರೀತಾರೆ. ಆ ಗಿಡ ಯಾವ ತಳಿಯದು, ಅದರಲ್ಲಿ ಏನಿತ್ತು ಅಂತ ಯಾರೂ ಬರೆಯಲ್ಲ. ಕಾನೂನಿಗೂ ಅದು ಬೇಕಾಗಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ 'ಕ್ಯಾನಬಿಸ್' ಕುಲಕ್ಕೆ ಸೇರಿದ ಯಾವುದೇ ಗಿಡ ಗಾಂಜಾ ಗಿಡವೇ. ಅನುಮತಿ ಇಲ್ಲದೆ ಬೆಳೆದರೆ 10 ವರ್ಷದವರೆಗೆ ಕಠಿಣ ಜೈಲು, 1 ಲಕ್ಷದವರೆಗೆ ದಂಡ.

ಮೊದಲೇ ಹೇಳಿಬಿಡ್ತೀನಿ, ಇದು ಗಾಂಜಾ ಸೇದೋಕೆ ಬಿಡಿ ಅಂತ ಕೇಳೋ ಲೇಖನ ಅಲ್ಲ. ನಮ್ಮ ವಯಸ್ಸಿನವರ ಮೆದುಳಿಗೆ ಅದು ಒಳ್ಳೇದು ಮಾಡಲ್ಲ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ನನ್ನ ವಾದ ಇಷ್ಟೇ: ಈ ಗಿಡದ ಬಗ್ಗೆ ನಮ್ಮ ದೇಶ ಈಗ ಹೊಸ ನಿಯಮಗಳನ್ನ ಬರೀತಾ ಇದೆ. ಆದರೆ ಆ ಗಿಡವನ್ನ ಬಯಲಲ್ಲಿ ಬೆಳೆಸಿ, ಅಡ್ಡತಳಿ ಮಾಡಿ, ಅದರ ಮಕ್ಕಳು ಮೊಮ್ಮಕ್ಕಳು ಹೇಗೆ ಬರ್ತವೆ ಅಂತ ನೋಡುವ ಕೆಲಸ ಆಗಬೇಕಾದಷ್ಟು ಆಗಿಲ್ಲ. ನೋಡದೆ ಬರೆದ ನಿಯಮದ ಬೆಲೆಯನ್ನ ಕೊನೆಗೆ ಕೊಡೋದು ರೈತ.

ನಿಯಮ ಏನು ಅಂತ ನೋಡೋಣ. ಎನ್‌ಡಿಪಿಎಸ್ ಕಾಯ್ದೆಯ 14ನೇ ಸೆಕ್ಷನ್ ಒಂದು ಬಾಗಿಲು ತೆರೆದಿಟ್ಟಿದೆ. ನಾರು, ಬೀಜ ಅಥವಾ ತೋಟಗಾರಿಕೆಗೋಸ್ಕರ ಈ ಗಿಡ ಬೆಳೆಯೋಕೆ ಸರ್ಕಾರ ಷರತ್ತು ಹಾಕಿ ಅನುಮತಿ ಕೊಡಬಹುದು. 2018ರಲ್ಲಿ ಉತ್ತರಾಖಂಡ ಆ ಬಾಗಿಲಿನಿಂದ ಒಳಗೆ ಹೋಯ್ತು. ನಾರಿನ ಸೆಣಬಿಗೆ, ಅಂದ್ರೆ ಹೆಂಪ್‌ಗೆ, ಲೈಸೆನ್ಸ್ ಕೊಡೋಕೆ ಶುರು ಮಾಡ್ತು. ಷರತ್ತು: ಗಿಡದಲ್ಲಿ ಟಿಎಚ್‌ಸಿ ಅನ್ನೋ ಅಮಲಿನ ಅಂಶ ಶೇ. 0.3ಕ್ಕಿಂತ ಹೆಚ್ಚಿರಬಾರದು. 2021ರಲ್ಲಿ ಎಫ್‌ಎಸ್‌ಎಸ್‌ಎಐ ಹೆಂಪ್ ಬೀಜ ಮತ್ತು ಬೀಜದ ಎಣ್ಣೆಯನ್ನ ಆಹಾರ ಅಂತ ಒಪ್ಪಿಕೊಂಡಿತು. ಕುಮಾವೂನ್, ಗಢವಾಲ್‌ನ ಅಜ್ಜಿಯರು ಈ ಬೀಜದ ಚಟ್ನಿಯನ್ನ ಯಾರ ಅಪ್ಪಣೆಗೂ ಕಾಯದೆ ತಲೆತಲಾಂತರದಿಂದ ಅರೀತಾ ಬಂದಿದ್ದಾರೆ, ಅದು ಬೇರೆ ಮಾತು.

ಈಗ ಪ್ರಶ್ನೆ: ಈ 0.3 ಎಲ್ಲಿಂದ ಬಂತು?

1970ರ ದಶಕದ ಆರಂಭದಲ್ಲಿ ಕೆನಡಾದ ಒಟ್ಟಾವಾದಲ್ಲಿ ಅರ್ನೆಸ್ಟ್ ಸ್ಮಾಲ್ ಅನ್ನೋ ಸಸ್ಯವಿಜ್ಞಾನಿ ಬೇರೆ ಬೇರೆ ದೇಶಗಳಿಂದ ಬಂದ ಸುಮಾರು 350 ಬೀಜದ ಮೂಲಗಳನ್ನ ಬೆಳೆಸಿ ಅವುಗಳ ರಸಾಯನ ಅಳೆದರು. ಆಮೇಲೆ 1976ರಲ್ಲಿ ಅವರು ಮತ್ತು ಅಮೆರಿಕದ ಆರ್ಥರ್ ಕ್ರಾಂಕ್ವಿಸ್ಟ್ ಸೇರಿ ಈ ಗಿಡದ ವರ್ಗೀಕರಣದ ಬಗ್ಗೆ ಒಂದು ಪ್ರಬಂಧ ಬರೆದರು. ನಾರಿನ ಗುಂಪು ಯಾವುದು, ಅಮಲಿನ ಗುಂಪು ಯಾವುದು ಅಂತ ಬೇರೆ ಮಾಡೋಕೆ ಒಂದು ಗೆರೆ ಬೇಕಿತ್ತು. ಎಳೇ ಎಲೆಯ ಒಣತೂಕದಲ್ಲಿ ಶೇ. 0.3 ಅಂತ ಹಾಕಿದರು. ಇದು ನಮ್ಮ ಅನುಕೂಲಕ್ಕೆ ಹಾಕಿಕೊಂಡ ಗೆರೆ ಅಂತ ಅವರೇ ಪ್ರಬಂಧದಲ್ಲಿ ಹೇಳಿದ್ದಾರೆ. ಅಂದ್ರೆ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸೋಕೆ ಕಪಾಟಿನ ಮೇಲೆ ಅಂಟಿಸೋ ಚೀಟಿ ತರ. ಆ ಚೀಟಿ ನಿಧಾನವಾಗಿ ದೇಶ ದೇಶಗಳ ಕಾನೂನಿನ ಒಳಗೆ ಹೋಗಿ ಕೂತ್ಕೊಂಡಿತು. 2018ರಲ್ಲಿ ಅಮೆರಿಕ ಹೆಂಪ್ ಬೆಳೆಗೆ ಅನುಮತಿ ಕೊಟ್ಟಾಗ ಇದೇ 0.3. ಯುರೋಪಿಯನ್ ಒಕ್ಕೂಟ 0.2 ಇಟ್ಟಿತ್ತು, 2023ರಿಂದ 0.3 ಮಾಡಿತು. ಸ್ವಿಟ್ಜರ್ಲೆಂಡ್ ಮಾತ್ರ 2011ರಿಂದಲೇ ಶೇ. 1 ಅಂತ ಇಟ್ಕೊಂಡಿದೆ. ಒಂದೇ ಗಿಡ ಜ್ಯೂರಿಕ್‌ನಲ್ಲಿ ಬೆಳೆ, ಡೆಹ್ರಾಡೂನ್‌ನಲ್ಲಿ ಅಪರಾಧ.

ಗೆರೆ ಇರಬಾರದು ಅಂತ ನಾನು ಹೇಳ್ತಿಲ್ಲ. ಇಂಜಿನಿಯರಿಂಗ್‌ನಲ್ಲಿ ಎಲ್ಲದಕ್ಕೂ ಟಾಲರೆನ್ಸ್ ಇರುತ್ತೆ. ಆದರೆ ಟಾಲರೆನ್ಸ್ ಕೊಡೋ ಮೊದಲು ಆ ವಸ್ತು ಎಷ್ಟು ಏರುಪೇರು ಆಗುತ್ತೆ ಅಂತ ಅಳೀಬೇಕು. ಈ ಗಿಡ ಸಿಕ್ಕಾಪಟ್ಟೆ ಏರುಪೇರಾಗುತ್ತೆ. ಯಾಕೆ ಅಂತ ಅರ್ಥ ಆಗೋಕೆ ಪಿಯುಸಿಯಲ್ಲಿ ಓದಿದ ಮೆಂಡೆಲ್ ಸಾಕು.

ಮೆಂಡೆಲ್‌ನ ಬಟಾಣಿ ತನ್ನ ಹೂವಿನ ಒಳಗೇ ತನ್ನ ಪರಾಗದಿಂದ ಫಲವಾಗುತ್ತೆ. ಹಾಗಾಗಿ ಅವನ ಲೆಕ್ಕ ಅಚ್ಚುಕಟ್ಟಾಗಿ ಬಂತು. ಗಾಂಜಾ ಗಿಡದ ಕಥೆ ತದ್ವಿರುದ್ಧ. ಸಾಮಾನ್ಯವಾಗಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ನಮ್ಮ ಹಾಗೇ ಎಕ್ಸ್, ವೈ ಕ್ರೋಮೋಸೋಮ್ ಕೂಡ ಇದೆ. ಪರಾಗ ಹೊರೋದು ಜೇನುಹುಳ ಅಲ್ಲ, ಗಾಳಿ. ಎಷ್ಟು ದೂರ ಹೋಗುತ್ತೆ ಗೊತ್ತಾ? ಮೊರಾಕ್ಕೋದಲ್ಲಿ ಬೆಳೆದ ಗಿಡಗಳ ಪರಾಗ ಸಮುದ್ರ ದಾಟಿ ಸ್ಪೇನ್‌ನ ಮಲಗಾ ಊರಿನ ಗಾಳಿಯಲ್ಲಿ ಸಿಕ್ಕಿದ್ದನ್ನ ವಿಜ್ಞಾನಿಗಳು ದಾಖಲಿಸಿದ್ದಾರೆ. ಸಮುದ್ರವನ್ನೇ ದಾಟೋ ಪರಾಗಕ್ಕೆ ಪಕ್ಕದ ಗುಡ್ಡ ಯಾವ ಲೆಕ್ಕ?

ಈಗ ಅಡ್ಡತಳಿಯ ವಿಷಯ. ಈ ಗಿಡದಲ್ಲಿ ಎರಡು ಮುಖ್ಯ ರಾಸಾಯನಿಕಗಳು ಇವೆ. ಅಮಲು ಕೊಡೋ ಟಿಎಚ್‌ಸಿ, ಅಮಲು ಕೊಡದ ಸಿಬಿಡಿ. ಎರಡಕ್ಕೂ ಕಚ್ಚಾವಸ್ತು ಒಂದೇ. ಯಾವ ಕಿಣ್ವ ಆ ಕಚ್ಚಾವಸ್ತುವನ್ನ ತಗೊಳ್ಳುತ್ತೋ ಆ ರಾಸಾಯನಿಕ ತಯಾರಾಗುತ್ತೆ. 2003ರಲ್ಲಿ ಡಿ ಮೈಯರ್ ಮತ್ತು ಸಂಗಡಿಗರು 'ಜೆನೆಟಿಕ್ಸ್' ಪತ್ರಿಕೆಯಲ್ಲಿ ತಮ್ಮ ಅಡ್ಡತಳಿ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಟಿಎಚ್‌ಸಿ ಗಿಡಕ್ಕೂ ಸಿಬಿಡಿ ಗಿಡಕ್ಕೂ ಅಡ್ಡ ಹಾಕಿದರೆ ಮೊದಲ ತಲೆಮಾರಿನ ಎಲ್ಲಾ ಗಿಡಗಳಲ್ಲೂ ಎರಡೂ ಇದ್ದವು. ಎರಡನೇ ತಲೆಮಾರಿನಲ್ಲಿ ಒಡೆದುಕೊಂಡವು: ಒಂದು ಪಾಲು ಬರೀ ಸಿಬಿಡಿ, ಎರಡು ಪಾಲು ಮಿಶ್ರ, ಒಂದು ಪಾಲು ಬರೀ ಟಿಎಚ್‌ಸಿ. 1:2:1. ಪುಸ್ತಕದಲ್ಲಿ ಇರೋ ಹಾಗೇ. ಆಮೇಲೆ ಡಿಎನ್‌ಎ ಓದಿದಾಗ ಒಂದೇ ಜೀನ್ ಅಲ್ಲ, ಅಕ್ಕಪಕ್ಕ ಅಂಟಿಕೊಂಡಿರೋ ಜೀನ್‌ಗಳ ಗುಂಪು ಅಂತ ಗೊತ್ತಾಯ್ತು. ಅಂಟಿಕೊಂಡಿರೋದರಿಂದ ಒಟ್ಟಿಗೇ ಹೋಗ್ತವೆ, ಅನುಪಾತ ಹಾಗೇ ಉಳಿಯುತ್ತೆ.

ಇಲ್ಲಿ ನನಗೆ ಮುಖ್ಯ ಅನ್ಸೋ ವಿಷಯ ಬೇರೆ. ಈ ಒಡೆತ ಕಣ್ಣಿಗೆ ಕಾಣಲ್ಲ. ಬಯಲಲ್ಲಿ ಬೆಳೆದ ಎರಡನೇ ತಲೆಮಾರಿನ ಗಿಡಗಳ ಮುಂದೆ ನಿಂತರೆ ಎತ್ತರ ಕಾಣುತ್ತೆ, ಗೆಣ್ಣುಗಳ ನಡುವಿನ ಅಂತರ ಕಾಣುತ್ತೆ, ಎಲೆ ಅಗಲವೋ ಕಿರಿದೋ, ಕಾಂಡ ಹಸಿರೋ ನೇರಳೆಯೋ, ಯಾವ ವಾರದಲ್ಲಿ ಹೂ ಬಂತು, ಎಲ್ಲಾ ಕಾಣುತ್ತೆ. ಅಗಲ ಎಲೆ ಅಂದ್ರೆ ಹೀಗೆ, ಕಿರಿ ಎಲೆ ಅಂದ್ರೆ ಹಾಗೆ ಅಂತ ಜನ ಮಾತಾಡ್ಕೊಳ್ತಾರೆ. ಆದರೆ ಅಡ್ಡತಳಿ ಆದಮೇಲೆ ಎಲೆಯ ಆಕಾರ ಒಂದು ದಾರಿ, ರಸಾಯನ ಇನ್ನೊಂದು ದಾರಿ ಹಿಡೀಬಹುದು. ನೋಡೋಕೆ ತದ್ರೂಪು ಇರೋ ಎರಡು ಗಿಡಗಳಲ್ಲಿ ಒಂದು ಕಾನೂನಿನ ಈಚೆ, ಇನ್ನೊಂದು ಆಚೆ. ರೈತ ಕಣ್ಣಲ್ಲೇ ಕಳೆ ಗುರುತಿಸ್ತಾನೆ, ರೋಗ ಗುರುತಿಸ್ತಾನೆ. ಇದನ್ನ ಗುರುತಿಸೋಕೆ ಆಗಲ್ಲ.

ಒಂದು ಚಿಕ್ಕ ಲೆಕ್ಕ ಮಾಡೋಣ. ಅಂಕಿಗಳು ನಾನು ಊಹೆ ಮಾಡ್ಕೊಂಡಿದ್ದು, ತರ್ಕ ಮಾತ್ರ ನಿಜ. ಒಬ್ಬ ರೈತ ಲೈಸೆನ್ಸ್ ತಗೊಂಡು ಶುದ್ಧ ಹೆಂಪ್ ಬೀಜ ಹಾಕ್ತಾನೆ. ಪ್ರತಿ ಗಿಡದಲ್ಲೂ ಶೇ. 0.2 ಟಿಎಚ್‌ಸಿ, ಎಲ್ಲಾ ಸರಿ. ಸುತ್ತಲಿನ ಗುಡ್ಡದಲ್ಲಿ ತಾನಾಗೇ ಬೆಳೆದ ಅಮಲಿನ ಗಿಡಗಳಿವೆ. ಅವನ ಹೊಲಕ್ಕೆ ಬಿದ್ದ ಪರಾಗದಲ್ಲಿ ಶೇ. 10 ಹೊರಗಿನದು ಅಂತ ಇಟ್ಕೊಳ್ಳಿ. ಬೀಜ ಉಳಿಸಿ ಮುಂದಿನ ವರ್ಷ ಹಾಕಿದರೆ 1000 ಗಿಡದಲ್ಲಿ 100 ಮಿಶ್ರ. ಮಿಶ್ರ ಗಿಡದಲ್ಲಿ ಶೇ. 3 ಟಿಎಚ್‌ಸಿ ಇದೆ ಅಂದ್ರೆ ಹೊಲದ ಸರಾಸರಿ 0.48. ಗೆರೆ ದಾಟಿ ಆಯ್ತು. ಎರಡನೇ ವರ್ಷವೂ ಅಷ್ಟೇ ಹೊರಗಿನ ಪರಾಗ ಬಿದ್ದು, ಮತ್ತೆ ಬೀಜ ಉಳಿಸಿದರೆ ಮೂರನೇ ಬೆಳೆಯಲ್ಲಿ 1000ಕ್ಕೆ ಸುಮಾರು 180 ಮಿಶ್ರ, 7 ಪೂರ್ತಿ ಅಮಲಿನ ಗಿಡ. ಆ ಏಳರಲ್ಲಿ ಶೇ. 6 ಅಂತ ಹಿಡಿದರೆ ಸರಾಸರಿ 0.75ರ ಹತ್ತಿರ. ರೈತ ಮಾಡಿದ್ದೇನು? ನಮ್ಮ ಅಜ್ಜ ಮುತ್ತಜ್ಜ ಎಲ್ಲಾ ಮಾಡ್ತಿದ್ದ ಕೆಲಸ, ತನ್ನ ಬೀಜ ತಾನು ಎತ್ತಿಟ್ಟಿದ್ದು. ಲೈಸೆನ್ಸ್ ಅವನ ಹತ್ರ ಇತ್ತು. ಗಾಳಿಯ ಹತ್ರ ಇರಲಿಲ್ಲ.

ಅಮೆರಿಕದಲ್ಲಿ ಇದು ಊಹೆಯಾಗಿ ಉಳಿಯಲಿಲ್ಲ. ಗೆರೆ ದಾಟಿದ ಬೆಳೆಯನ್ನ ನಾಶ ಮಾಡಬೇಕಾಗಿ ಬಂದ ರೈತರು ಅಲ್ಲಿ ಇದ್ದಾರೆ. ಬಿಸಿಲು ಹೆಚ್ಚಾಯ್ತು, ನೀರು ಕಡಿಮೆ ಆಯ್ತು, ಅದಕ್ಕೇ ಟಿಎಚ್‌ಸಿ ಏರಿತು ಅಂತ ಹಲವರು ನಂಬಿದ್ರು. ಕಾರ್ನೆಲ್ ವಿಶ್ವವಿದ್ಯಾಲಯದವರು ಗಿಡಗಳನ್ನ ಹೊಲದಲ್ಲಿ ಬೆಳೆಸಿ, ಡಿಎನ್‌ಎ ಗುರುತುಗಳ ಜೊತೆ ತಾಳೆ ನೋಡಿ, 2020ರಲ್ಲಿ ಪ್ರಕಟಿಸಿದರು: ಮುಖ್ಯ ಕಾರಣ ತಳಿಯ ಜೀನ್. ಅಷ್ಟೇ ಅಲ್ಲ, ಗಿಡ ಸಸಿಯಾಗಿರುವಾಗಲೇ ಎಲೆಯ ಚೂರಿನಿಂದ ಅದು ಗಂಡೋ ಹೆಣ್ಣೋ, ಯಾವ ರಸಾಯನದ ಗುಂಪು ಅಂತ ಹೇಳೋ ಪರೀಕ್ಷೆಯೂ ಅವರ ಹತ್ರ ಇತ್ತು. ಅಂದ್ರೆ ರೈತನಿಗೆ ಕೊಯ್ಲಿನ ಹೊತ್ತಲ್ಲಿ ಶಿಕ್ಷೆ ಕೊಡೋ ಬದಲು ಬಿತ್ತನೆಯ ಹೊತ್ತಲ್ಲಿ ಉತ್ತರ ಕೊಡಬಹುದು.

'ಅದಕ್ಕೇನು, ಹೊರದೇಶದಿಂದ ಪ್ರಮಾಣೀಕರಿಸಿದ ಬೀಜ ತರಿಸಿದ್ರಾಯ್ತು' ಅನ್ನೋರಿಗೆ ಇನ್ನೊಂದು ವಿಷಯ. ಈ ಗಿಡ ಹೂ ಬಿಡೋದು ರಾತ್ರಿಯ ಉದ್ದ ನೋಡಿ. ಹಗಲು ಚಿಕ್ಕದಾಗಿ ರಾತ್ರಿ ಉದ್ದವಾದಾಗ ಹೂ. ಒಟ್ಟಾವಾದಲ್ಲಿ ಜೂನ್‌ನ ಹಗಲು ಸುಮಾರು 15 ಗಂಟೆ 40 ನಿಮಿಷ. ಬೆಂಗಳೂರಲ್ಲಿ ವರ್ಷದ ಅತೀ ಉದ್ದದ ಹಗಲೇ ಹೆಚ್ಚುಕಮ್ಮಿ 13 ಗಂಟೆ, ಅತೀ ಚಿಕ್ಕದು 11 ಗಂಟೆ 20 ನಿಮಿಷ. ಉತ್ತರದ ನಾರಿನ ತಳಿಯನ್ನ ಇಲ್ಲಿ ಬಿತ್ತಿದರೆ ಅದಕ್ಕೆ ಯಾವಾಗಲೂ ಶರತ್ಕಾಲವೇ. ಮೊಣಕಾಲುದ್ದ ಆಗೋಷ್ಟರಲ್ಲಿ ಹೂ ಬಿಟ್ಟು ಕೆಲಸ ಮುಗಿಸಿಬಿಡುತ್ತೆ. ನಾರು ಎಲ್ಲಿಂದ ಬರಬೇಕು? ಉಷ್ಣವಲಯದ ಊರುಗಳಲ್ಲಿ ಸಮಶೀತೋಷ್ಣ ತಳಿಗಳು ಹೀಗೆ ಅವಸರವಾಗಿ ಹೂ ಬಿಡೋದು ಗೊತ್ತಿರೋ ಸಮಸ್ಯೆ. ಇಲ್ಲಿಗೆ ಒಗ್ಗೋ ತಳಿ ಬೇಕಾದ್ರೆ ಇಲ್ಲಿನ ನಾಟಿ ತಳಿಗಳ ಹೂ ಬಿಡುವ ಗುಣವನ್ನ ಕಡಿಮೆ ಟಿಎಚ್‌ಸಿ ಗುಣದ ಜೊತೆ ಸೇರಿಸಬೇಕು. ಅಂದ್ರೆ ಅಡ್ಡ ಹಾಕಬೇಕು, ಎರಡನೇ ಮೂರನೇ ತಲೆಮಾರು ಬಯಲಲ್ಲಿ ಬೆಳೆಸಬೇಕು, ಸಾವಿರಾರು ಗಿಡ ನೋಡಿ ಬೇಕಾದ್ದನ್ನ ಆರಿಸಬೇಕು. ಇದಕ್ಕೆ ಶಾರ್ಟ್‌ಕಟ್ ಇಲ್ಲ.

ಇದು ನಮಗೆ ಬಾರದ ವಿದ್ಯೆಯೂ ಅಲ್ಲ. ಎರಡು ಬೇರೆ ಬೇರೆ ಹತ್ತಿ ಜಾತಿಗಳನ್ನ ಅಡ್ಡ ಹಾಕಿ 'ವರಲಕ್ಷ್ಮಿ' ಹೈಬ್ರಿಡ್ ಹತ್ತಿ ಕೊಟ್ಟಿದ್ದು ನಮ್ಮ ಧಾರವಾಡ, 1972ರಲ್ಲಿ. ಗಾಂಜಾ ಗಿಡವನ್ನ ನೋಡೋ ವಿದ್ಯೆಯೂ ಈ ದೇಶಕ್ಕೆ ಹೊಸದಲ್ಲ. 1893ರಲ್ಲಿ ಡೇವಿಡ್ ಪ್ರೇನ್ ಬಂಗಾಳದ ಗಾಂಜಾ ಕೃಷಿ ಬಗ್ಗೆ ಒಂದು ವರದಿ ಬರೆದರು. 1893-94ರಲ್ಲಿ ಬ್ರಿಟಿಷ್ ಸರ್ಕಾರದ ಹೆಂಪ್ ಡ್ರಗ್ಸ್ ಕಮಿಷನ್ ಏಳು ಸಂಪುಟಗಳ ವರದಿ ತಯಾರಿಸಿತು. ಈಗ ಬಾಂಗ್ಲಾದೇಶದಲ್ಲಿರೋ ನೌಗಾಂವ್ ಕಡೆ 'ಪೋದ್ದಾರ್' ಅನ್ನೋ ಪರಿಣಿತರು ಇದ್ರಂತೆ. ರೈತರು ಕೂಲಿ ಕೊಟ್ಟು ಅವರನ್ನ ಕರೆಸ್ತಿದ್ರು. ಅವರು ಸಾಲು ಸಾಲು ನಡೆದು, ಹೂ ಪೂರ್ತಿ ಬಿಡೋ ಮೊದಲೇ ಗಂಡು ಗಿಡ ಯಾವುದು ಅಂತ ಗುರುತಿಸಿ ಕೀಳಿಸ್ತಿದ್ರು. ಮೈಕ್ರೋಸ್ಕೋಪ್ ಇಲ್ಲ, ಪಿಸಿಆರ್ ಇಲ್ಲ. ಬರೀ ನೋಡಿ ನೋಡಿ ಬಂದ ಜ್ಞಾನ. ಅವರು ಯಾವ ಬೆಳೆಗಾಗಿ ಆ ಕೆಲಸ ಮಾಡಿದ್ರು ಅನ್ನೋದನ್ನ ನಾವು ಒಪ್ಪದೇ ಇರಬಹುದು. ಆದರೆ ಅಷ್ಟು ಹತ್ತಿರದಿಂದ ಒಂದು ಗಿಡವನ್ನ ನೋಡಿದ ಜನ ಇದೇ ಉಪಖಂಡದಲ್ಲಿ ಇದ್ರು.

ಈಗ ಕಳ್ಕೊಳ್ತಾ ಇರೋದೂ ಇದೇ. ಹಿಮಾಲಯದ ಕಣಿವೆಗಳಲ್ಲಿ, ಕೇರಳದ ಇಡುಕ್ಕಿ ಕಡೆ, ಆಯಾ ಊರಿನ ಬಿಸಿಲು ಮಳೆಗೆ ಒಗ್ಗಿದ ನಾಟಿ ತಳಿಗಳು ಇವೆ. ಹೊರಗಿನಿಂದ ಕದ್ದು ತಂದ ಹೈಬ್ರಿಡ್ ಬೀಜ ಅಲ್ಲಿಗೆ ಹೋದರೆ ಗಾಳಿ ತನ್ನ ಕೆಲಸ ಮಾಡುತ್ತೆ. ಬ್ಯಾಡಗಿ ಮೆಣಸಿನಕಾಯಿ ವಿಷಯದಲ್ಲಾದ್ರೆ ನಾವು ಇದನ್ನ ಜೋರಾಗಿ ಮಾತಾಡ್ತೀವಿ. ಜಿಐ ಟ್ಯಾಗ್ ಇದೆ, ಮಾರ್ಕೆಟ್ ಇದೆ, ಹೈಬ್ರಿಡ್ ಬೆರಕೆ ಆದ್ರೆ ಬಣ್ಣ ಹೋಗುತ್ತೆ ಅಂತ ಗಲಾಟೆ ಆಗುತ್ತೆ. ಗಾಂಜಾ ನಾಟಿ ತಳಿ ಅಂದ್ರೆ ಯಾರೂ ಬಾಯಿ ಬಿಡಲ್ಲ, ಯಾಕಂದ್ರೆ ಬಾಯಿ ಬಿಟ್ಟವನನ್ನೇ ಅನುಮಾನದಿಂದ ನೋಡ್ತಾರೆ. ಬೆರಕೆ ಆದ ತಳಿಯಿಂದ ಹಳೇ ತಳಿಯನ್ನ ಮತ್ತೆ ತೆಗೆಯೋದು ಕಾಫಿಗೆ ಹಾಕಿದ ಹಾಲನ್ನ ವಾಪಸ್ ತೆಗೆದ ಹಾಗೆ.

ಎರಡು ಆಕ್ಷೇಪಗಳಿಗೆ ಉತ್ತರ ಕೊಡಲೇಬೇಕು. ಒಂದು, 'ಸಂಶೋಧನೆ ಅಂತ ಬಿಟ್ಟರೆ ಸೋರಿ ಹೋಗುತ್ತೆ.' ಸೋರಬಹುದು, ನಿಜ. ಅದಕ್ಕೇ ಈ ಕೆಲಸ ಬೇಲಿ, ಕ್ಯಾಮೆರಾ, ಲೆಕ್ಕದ ಪುಸ್ತಕ ಇರೋ ಸರ್ಕಾರಿ ಸಂಸ್ಥೆಯ ಜಾಗದಲ್ಲಿ ಆಗಬೇಕು ಅನ್ನೋದು. ಜಮ್ಮುವಿನ ಸಿಎಸ್‌ಐಆರ್-ಐಐಐಎಂ ತನ್ನ ಚಠಾ ಫಾರ್ಮ್‌ನಲ್ಲಿ ಔಷಧಿಯ ಉದ್ದೇಶಕ್ಕೆ ಈ ಗಿಡ ಬೆಳೆಸಿ ಸಂಶೋಧನೆ ಮಾಡ್ತಿದೆ. ಹಿಮಾಚಲ ಪ್ರದೇಶದ ಸಚಿವ ಸಂಪುಟ 2025ರ ಜನವರಿಯಲ್ಲಿ ಪಾಲಂಪುರ ಮತ್ತು ನೌನಿಯ ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯಗಳಿಗೆ ಪ್ರಾಯೋಗಿಕ ಅಧ್ಯಯನದ ಕೆಲಸ ಒಪ್ಪಿಸಿತು. ಮೊದಲು ಅಧ್ಯಯನ, ಆಮೇಲೆ ರೈತನ ಹೊಲ. ನನಗೆ ಸರಿ ಅನ್ಸೋ ಕ್ರಮ ಇದೇ. ಅಪಾಯ ಇರೋ ಎಷ್ಟೋ ವಿಷಯಗಳನ್ನ ನಾವು ಹೀಗೇ ಕಲಿತಿದ್ದೀವಿ. ಹಾವಿನ ವಿಷ ತೆಗೆಯೋರು ಇಲ್ಲದಿದ್ರೆ ಹಾವು ಕಡಿದವನಿಗೆ ಔಷಧಿ ಎಲ್ಲಿತ್ತು?

ಎರಡನೇದು, 'ಕರ್ನಾಟಕಕ್ಕೆ ಇದೆಲ್ಲ ಯಾಕೆ, ರಾಗಿ ಜೋಳ ಬೆಳೆಯೋದು ಬಿಟ್ಟು?' ಬೇಡ ಅಂತ ತೀರ್ಮಾನ ಮಾಡೋದೂ ಒಂದು ತೀರ್ಮಾನವೇ. ಅದನ್ನ ಡೇಟಾ ಇಟ್ಕೊಂಡು ಮಾಡೋಣ. ನಾಳೆ ಯಾವುದೋ ಕಂಪನಿ ಬಂದು ಎಕರೆಗೆ ಇಷ್ಟು ಲಕ್ಷ ಅಂತ ರೈತರಿಗೆ ಬ್ರೋಷರ್ ಹಂಚಿದಾಗ, ನಮ್ಮ 13 ಗಂಟೆಯ ಹಗಲಲ್ಲಿ ಆ ಬೀಜ ಮೊಣಕಾಲುದ್ದ ದಾಟಲ್ಲ ಅಂತ ಹೇಳೋಕೆ ಯಾರ ಹತ್ರ ಅಂಕಿ ಇರುತ್ತೆ? ಯಾರೋ ಸುಳ್ಳು ಹೇಳಿದಾಗ ಅದು ಸುಳ್ಳು ಅಂತ ತೋರಿಸೋಕಾದ್ರೂ ನಮ್ಮ ಹತ್ರ ನಮ್ಮದೇ ಹೊಲದ ಅಳತೆ ಬೇಕು.

ಹಾಗಾದ್ರೆ ಏನು ಮಾಡಬೇಕು? ಮೊದಲನೇದಾಗಿ, ಯಾವುದೇ ರಾಜ್ಯ ಹೆಂಪ್ ಲೈಸೆನ್ಸ್ ಕೊಡೋ ಮೊದಲು ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಕನಿಷ್ಠ ಮೂರು ತಲೆಮಾರು ಬಯಲಲ್ಲಿ ಬೆಳೆಸಿ ನೋಡಿರಬೇಕು, ಆ ಡೇಟಾ ಎಲ್ಲರಿಗೂ ಸಿಗಬೇಕು, ರೈತರ ಭಾಷೆಯಲ್ಲಿ ಸಿಗಬೇಕು. ಎರಡನೇದಾಗಿ, ಡಿಎನ್‌ಎ ಪರೀಕ್ಷೆ ಬೀಜ ಮಾರೋನ ಖರ್ಚಲ್ಲಿ, ಬಿತ್ತೋ ಮೊದಲು ಆಗಬೇಕು. ಮೂರನೇದಾಗಿ, 0.3 ದಾಟಿದ ಲೈಸೆನ್ಸ್ ರೈತನನ್ನ ಅಪರಾಧಿ ಅಂತ ನೋಡಬಾರದು. ಅಮೆರಿಕದ ಕೃಷಿ ಇಲಾಖೆ 2021ರ ನಿಯಮದಲ್ಲಿ ಶೇ. 1ರವರೆಗೆ ದಾಟಿದ್ದನ್ನ ರೈತನ ನಿರ್ಲಕ್ಷ್ಯ ಅಂತ ಎಣಿಸಲ್ಲ, ಬೆಳೆಯನ್ನ ಮಾತ್ರ ವಿಲೇವಾರಿ ಮಾಡಿಸುತ್ತೆ. ನಮ್ಮಲ್ಲಿ ಅದರ ಜೊತೆ ಪರಿಹಾರವನ್ನೂ ಸೇರಿಸಬೇಕು. ನಾಲ್ಕನೇದಾಗಿ, ನಾಟಿ ತಳಿಗಳ ಬೀಜ ಬೆರಕೆ ಆಗೋ ಮೊದಲೇ ಬೀಜ ಬ್ಯಾಂಕಿಗೆ ಸೇರಬೇಕು.

ಇದರಲ್ಲಿ ನಮ್ಮಂಥವರಿಗೇನು ಕೆಲಸ ಅಂತ ಕೇಳಬಹುದು. ಒಂದು ಎಕರೆಯಲ್ಲಿ ಎಷ್ಟು ಗಿಡದ ಸ್ಯಾಂಪಲ್ ತಗೊಂಡ್ರೆ ಸರಾಸರಿಯನ್ನ ನಂಬಬಹುದು ಅನ್ನೋದು ನಮ್ಮ ಮೂರನೇ ಸೆಮಿಸ್ಟರ್‌ನ ಸ್ಟ್ಯಾಟಿಸ್ಟಿಕ್ಸ್. ಗಾಳಿಯಲ್ಲಿ ಪರಾಗ ಎಣಿಸೋ ಸೆನ್ಸರ್ ಇಸಿ ಪ್ರಾಜೆಕ್ಟ್. ಪರಾಗ ಎಷ್ಟು ದೂರ ಹಾರುತ್ತೆ ಅನ್ನೋ ಮಾಡೆಲ್ ಮೆಕ್ಯಾನಿಕಲ್‌ನವರ ಫ್ಲೂಯಿಡ್ಸ್. ಸಸಿ ಹಂತದ ಪರೀಕ್ಷೆಯನ್ನ ಅಗ್ಗ ಮಾಡೋದು ಬಯೋಟೆಕ್. ಇದಕ್ಕೆ ನಾವು ಯಾರೂ ಒಂದು ಗಾಂಜಾ ಗಿಡವನ್ನೂ ಮುಟ್ಟಬೇಕಾಗಿಲ್ಲ. ಪರಾಗದ ಮಾಡೆಲ್‌ಗೆ ಮೆಕ್ಕೆಜೋಳ ಸಾಕು, ಅದೂ ಗಾಳಿಯನ್ನೇ ನಂಬಿರೋ ಬೆಳೆ.

ಮುಂದಿನ ಸಲ 'ತೊಗರಿ ಹೊಲದ ನಡುವೆ' ಅನ್ನೋ ಸುದ್ದಿ ಬಂದಾಗ ಪೊಲೀಸರು ತಮ್ಮ ಕೆಲಸ ಮಾಡಲಿ. ಕದ್ದು ಬೆಳೆದವನಿಗೆ ಕಾನೂನು ಇದೆ. ಆದರೆ ಸರ್ಕಾರವೇ ಬೆಳೆ ಅಂತ ಹೇಳಿ, ಲೈಸೆನ್ಸ್ ಕೊಟ್ಟು, ಬೀಜ ಕೊಡಿಸಿ, ಆಮೇಲೆ ಗಾಳಿ ತಂದ ಪರಾಗಕ್ಕೆ ರೈತನನ್ನ ಹೊಣೆ ಮಾಡೋ ದಿನ ನಮ್ಮ ರಾಜ್ಯಕ್ಕೆ ಬರಬಾರದು. ಅದು ಬರದಿರಬೇಕಾದ್ರೆ ಕಾನೂನು ಬರೆಯೋ ಮೊದಲು ಯಾರಾದ್ರೂ ಒಂದು ಬೇಲಿ ಹಾಕಿದ ಹೊಲದಲ್ಲಿ, ನೋಟ್‌ಬುಕ್ ಹಿಡ್ಕೊಂಡು, ಮೂರು ವರ್ಷ ಗಿಡಗಳನ್ನ ನೋಡಬೇಕು. ಅಷ್ಟೇ ನಾನು ಕೇಳ್ತಾ ಇರೋದು.